ಬೆಳಗಿನ ಮಾತ್ರೆ

ಕೋಡಿಂಬಾಳದ ಲತೀಶ ದಿನಾ ಬೆಳಿಗ್ಗೆ ಹೆಂಡತಿಯ ಎದುರು ಬಾಯಿ ತೆರೆದು ನಿಲ್ಲುತ್ತಾನೆ ಎಂದು ಕಡಬ ಪೇಟೆಯಲ್ಲಿ ಯಾರೋ ಹೇಳಿ ನಕ್ಕರಂತೆ. ನಗುವವರು ನಗಲಿ, ಹಲ್ಲು ಅವರದ್ದು. ನಿಲ್ಲುತ್ತಿದ್ದದ್ದು ಮಾತ್ರ ಹೌದು. ಚಾ ಆದ ಮೇಲೆ ಸುಪ್ರಿತಾ ಅಡುಗೆಕೋಣೆಯ ಮೇಲಿನ ಹಲಗೆಯಿಂದ ಮಾತ್ರೆ ತೆಗೆದು ಅವನ ಅಂಗೈಗೆ ಹಾಕುವಳು. ಅವನು ನೀರಿನ ಜೊತೆ ನುಂಗುವನು. ಆಮೇಲೆ ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಅಡಿಯಲ್ಲಿ ಏನೂ ಅಡಗಿಲ್ಲ ಎಂದು ತೋರಿಸುವನು. ಅವಳು ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿ “ಆಯ್ತು” ಎನ್ನುವಳು. ಮಗಳು ಪ್ರೀತಿಕಾ ಇದನ್ನೆಲ್ಲ ನೋಡಿ ನೋಡಿ, ಹಲ್ಲುಜ್ಜಿದ ಮೇಲೆ ತಾನೂ ಬಂದು ಬಾಯಿ ತೆರೆದು ನಿಲ್ಲುವುದುಂಟು. ಅವಳಿಗೂ “ಆಯ್ತು” ಹೇಳಬೇಕು, ಇಲ್ಲದಿದ್ದರೆ ಶಾಲೆಗೆ ಹೊರಡುವುದಿಲ್ಲ.

ಅದು ಪುತ್ತೂರಿನ ಡಾಕ್ಟ್ರಮ್ಮ ಹೇಳಿಕೊಟ್ಟ ಕ್ರಮ. ಕುಡಿತ ಬಿಡಿಸುವ ಮಾತ್ರೆ ಅಂತ ಹೇಳುವವರಿದ್ದಾರೆ, ಹಾಗೆಲ್ಲ ಇಲ್ಲ. ಮಾತ್ರೆ ಯಾರ ಕುಡಿತವನ್ನೂ ಬಿಡಿಸುವುದಿಲ್ಲ. ಅದು ಮೈಯಲ್ಲಿರುವಾಗ ಒಂದು ಗುಟುಕು ಒಳಗೆ ಹೋದರೂ ಮುಖ ಕೆಂಪಾಗಿ, ಎದೆ ಡಬಡಬ ಹೊಡೆದು, ವಾಂತಿ ಬಂದು, ಇನ್ನು ಸತ್ತೆ ಅನ್ನಿಸುವ ಹಾಗೆ ಮಾಡುತ್ತದೆ. ಜಾಸ್ತಿ ಹೋದರೆ ಬರೀ ಅನ್ನಿಸುವುದಲ್ಲ, ಹಾಗೇ ಆಗಲಿಕ್ಕೂ ಸಾಕು. ಆ ಹೆದರಿಕೆಗೆ ಮನುಷ್ಯ ಇವತ್ತು ತಡೆದುಕೊಳ್ಳುತ್ತಾನೆ, ನಾಳೆ ಪುನಃ ತಡೆದುಕೊಳ್ಳುತ್ತಾನೆ, ಅಷ್ಟೇ.

ಲತೀಶನದ್ದು ವೆಲ್ಡಿಂಗ್ ಕೆಲಸ. ತಾರಸಿ ಮನೆಗಳ ಮೇಲೆ ಶೀಟು ಹಾಕುವುದು, ಗೇಟು ಮಾಡುವುದು. ಕೆಲಸ ಚಂದ, ಕುಡಿತವೂ ಅಷ್ಟೇ ಜೋರು. ಮದುವೆಯಾದ ಹೊಸತರಲ್ಲಿ, ಬಾಯಿ ವಾಸನೆ ಬರುವುದು ವೆಲ್ಡಿಂಗಿನ ಹೊಗೆಯಿಂದ ಎಂದು ಹೇಳಿದ್ದ. ಸುಪ್ರಿತಾ ಸಂಪಾಜೆಯ ಹುಡುಗಿ, ಕಡಬದಲ್ಲಿ ಹೊಲಿಗೆಯಂಗಡಿಯಲ್ಲಿ ರವಿಕೆ ಹೊಲಿಯುವವಳು, ದಡ್ಡಿ ಏನಲ್ಲ. ಆದರೂ ಆ ಹೊಗೆಯ ಮಾತನ್ನು ಒಂದು ವರ್ಷ ನಂಬಿದಳು ಮಾರಾಯ್ರೆ. ಆಮೇಲೆ ಮಳೆಗೆ ನೆನೆದದ್ದಕ್ಕೆ ಸ್ವಲ್ಪ ಹಾಕಿದ್ದು ಎಂದದ್ದನ್ನು ನಂಬಿದಳು. ಇವತ್ತಿಗೆ ಕೊನೆ ಎಂದದ್ದನ್ನು ಎಷ್ಟು ಸಲ ನಂಬಿದಳೋ ದೇವರಿಗೇ ಗೊತ್ತು. ಅವನಿಗೆ ಕುಡಿಯುವುದು ಹೇಗೆ ಚಟವಾಯಿತೋ ಇವಳಿಗೆ ನಂಬುವುದು ಹಾಗೇ ಚಟವಾಗಿತ್ತು.

ಒಮ್ಮೆ ಊರಿನ ಸಭಾಭವನದಲ್ಲಿ ಮದ್ಯವರ್ಜನ ಶಿಬಿರ ಆಗಿತ್ತು. ಲತೀಶನೂ ಸೇರಿದ್ದ. ಕೊನೆಯ ದಿನ ಬಿಳಿ ಅಂಗಿ ಹಾಕಿಸಿ, ಹೆಂಡತಿಯ ಪಕ್ಕ ಕೂರಿಸಿ, ಹೂ ಕೊಟ್ಟು ಕಳಿಸಿದರು. ಪೇಪರಿನಲ್ಲಿ ಫೋಟೊ ಬಂತು. ದೀಪಾವಳಿಗೆ ಪುನಃ ಶುರು ಮಾಡಿದ. ಶಿಬಿರವನ್ನು ದೂರುವ ಹಾಗಿಲ್ಲ, ಅಲ್ಲಿಂದ ಬಂದು ಗಟ್ಟಿಯಾಗಿ ಬಿಟ್ಟವರು ಅದೇ ಊರಲ್ಲಿ ಓಡಾಡಿಕೊಂಡಿದ್ದಾರೆ. ಇವನಿಗೆ ಹಿಡಿಯಲಿಲ್ಲ.

ಆಮೇಲೆ ಪುತ್ತೂರಿನ ದಾರಿ ತೋರಿಸಿದವನು ಉಪ್ಪಿನಂಗಡಿಯ ರವೂಫ್. ಆಟೋ ಓಡಿಸುವವನು, ಲತೀಶನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವನು. ಅವನ ದೊಡ್ಡಮ್ಮನ ಮಗನೊಬ್ಬ ಮಂಗಳೂರಿನಲ್ಲಿ ಕಾಲೇಜು ಕಲಿಯಲು ಹೋಗಿ ಅದೆಂತದೋ ಪುಡಿಯ ಚಟ ಹತ್ತಿಸಿಕೊಂಡು ಬಂದಿದ್ದನಂತೆ. ಅವನನ್ನು ಅಡ್ಮಿಟ್ ಮಾಡದೆ, ವಾರ ವಾರ ಬರಹೇಳಿ, ಕೂರಿಸಿ ಮಾತಾಡಿ ಸರಿ ದಾರಿಗೆ ತಂದವರು ಅಲ್ಲಿದ್ದಾರೆ, ಒಮ್ಮೆ ಹೋಗಿ ನೋಡುವ ಎಂದು ತನ್ನ ಆಟೋದಲ್ಲೇ ಕರೆದುಕೊಂಡು ಹೋದ.

ಡಾಕ್ಟ್ರಮ್ಮ ಬೈಯಲಿಲ್ಲ. ಅದೇ ಸುಪ್ರಿತಾಳಿಗೆ ಆಶ್ಚರ್ಯ. ಮೊದಲು ಕೈನಡುಕ, ನಿದ್ದೆ ಎಲ್ಲ ಸರಿಯಾಗುವವರೆಗೆ ಬೇರೆ ಮಾತ್ರೆ ಕೊಟ್ಟು ಆಗಾಗ ಬರಹೇಳಿದರು. ಮೈ ತಹಬಂದಿಗೆ ಬಂದ ಮೇಲೆ ಎದುರು ಕೂರಿಸಿ, ಮುಂದಿನದಕ್ಕೆ ದಾರಿ ಒಂದಲ್ಲ ಎಂದು ವಿವರಿಸಿದರು. ಬೇಕು ಬೇಕು ಅನ್ನುವ ಆಸೆಯನ್ನು ಕಡಿಮೆ ಮಾಡುವ ಮಾತ್ರೆ ಉಂಟು. ಕುಡಿದರೆ ಮೈಗೆ ಆಗದ ಹಾಗೆ ಮಾಡುವ ಮಾತ್ರೆ ಉಂಟು, ಆದರೆ ಅದನ್ನು ಎದುರು ನಿಂತು ಕೊಡುವವರು ಬೇಕು. ಮಾತ್ರೆಯೇ ಬೇಡ ಎಂದರೆ ಬರೀ ಮಾತುಕತೆ ಉಂಟು. ಮಾತುಕತೆ ಮಾತ್ರ ಯಾವುದರ ಜೊತೆಗೂ ಬೇಕೇ ಬೇಕು. ಯಾವುದನ್ನು ಹಿಡಿಯುವುದು ಎಂದು ನೀವೇ ಹೇಳಿ ಎಂದರು.

“ನನಗೆ ಹೆದರಿಕೆ ಇದ್ದರೇ ಆಗುದು,” ಎಂದ ಲತೀಶ. “ಎರಡನೆಯದ್ದನ್ನೇ ಕೊಡಿ.”

ಯಾವ ರೂಪದಲ್ಲೂ ಮದ್ಯ ಒಳಗೆ ಹೋಗಬಾರದು ಎಂದು ಡಾಕ್ಟ್ರಮ್ಮ ಅವನಿಗೆ ಎರಡೆರಡು ಸಲ ಹೇಳಿದರು. ಅವನು ತಲೆಯಾಡಿಸಿದ. ಮದ್ಯ ಎಂದರೆ ಅವನ ತಲೆಯಲ್ಲಿ ಬಾರಿನಲ್ಲಿ ಸಿಗುವಂಥದ್ದು. ಇದನ್ನು ಬಿಡಿಸಿ ಹೇಳಿದವಳು ನಶೀದಾ, ಅಲ್ಲಿಯ ಕೌನ್ಸಿಲರ್, ವಿಟ್ಲದ ಕಡೆಯ ಹುಡುಗಿ. ಅವಳು ಒಂದು ಬುಧವಾರ ಬಿಟ್ಟು ಒಂದು ಬುಧವಾರ ಮನೆಯವರನ್ನು ಮಾತ್ರ ಬೇರೆ ಕೂರಿಸಿ ಮಾತಾಡುವಳು. ಹೆಂಡತಿಯರು, ಅಮ್ಮಂದಿರು, ಒಬ್ಬ ಅಣ್ಣ, ಎಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಸುತ್ತ ಕೂತು ತಂತಮ್ಮ ಮನೆಯ ಕಥೆ ಹೇಳಿಕೊಳ್ಳುವುದು. ಸುಪ್ರಿತಾ ಮೊದಮೊದಲು ಸೆರಗಿನ ತುದಿ ನೋಡುತ್ತ ಕೂರುತ್ತಿದ್ದಳು, ಆಮೇಲಾಮೇಲೆ ಅವಳಿಗೂ ಬಾಯಿ ಬಂತು. ಅಂಥ ಒಂದು ಬುಧವಾರ ನಶೀದಾ ಹೇಳಿದ್ದು: ಕೆಮ್ಮಿನ ಸಿರಪ್ಪು, ಆಯುರ್ವೇದದ ಅರಿಷ್ಟ, ಆಸವ, ಕಳ್ಳು ಹಾಕಿ ಹುಳಿ ಬರಿಸಿದ ಹಿಟ್ಟಿನ ಅಪ್ಪ, ಇವೆಲ್ಲ ಈ ಮಾತ್ರೆಗೆ ಮದ್ಯವೇ. ಮನೆಯಲ್ಲಿ ಅವರ ಕೈಗೆ ಏನಾದರೂ ತಿನ್ನಲು ಕುಡಿಯಲು ಕೊಡುವವರು ಎಷ್ಟು ಜನ ಇದ್ದಾರೋ ಅಷ್ಟೂ ಜನರಿಗೆ ಹೇಳಿ. ಸುಪ್ರಿತಾ ಹೇಳುತ್ತೇನೆ ಎಂದಳು. ಮನೆಗೆ ಬಂದು ಕೆಮ್ಮಿನ ಸಿರಪ್ಪು ಬಚ್ಚಲಿಗೆ ಸುರಿದಳು. ಗಂಡನಿಗೆ ಡಾಕ್ಟ್ರಮ್ಮನೇ ಹೇಳಿರುತ್ತಾರೆ ಎಂದುಕೊಂಡಳು. ಅತ್ತೆಗೆ ಹೇಳಲಿಲ್ಲ.

ಯಾಕೆಂದರೆ ಅತ್ತೆಗೂ ಅವಳಿಗೂ ಮಾತಿರಲಿಲ್ಲ.

ಅತ್ತೆ ಸುಂದರಿಯಮ್ಮ ಕೆಟ್ಟವರಲ್ಲ. ಮಗನ ಕುಡಿತಕ್ಕೆ ಊರಿಗೆಲ್ಲ ಕೇಳುವ ಹಾಗೆ ಶಾಪ ಹಾಕಿದವರು, ಅವನಿಗೆ ಅನ್ನ ಇಳಿಯದಿದ್ದರೆ ತಾನೂ ಉಣ್ಣದವರು. ಪುತ್ತೂರಿಗೆ ಹೋಗುವುದು ಅವರಿಗೆ ಹಿಡಿಸಲಿಲ್ಲ. ಇವನಿಗೆ ತಲೆ ಸರಿ ಉಂಟಲ್ಲ, ತಲೆ ಡಾಕ್ಟರ ಹತ್ತಿರ ಎಂತಕ್ಕೆ ಎಂದರು. ಅವರು ದೈವ ಕೊರಗಜ್ಜನಿಗೆ ಹರಕೆ ಹೇಳಿಕೊಂಡಿದ್ದರು: ಮಗ ಕುಡಿತ ಬಿಟ್ಟರೆ ಅಗೆಲಿನ ಎಡೆ ಕೊಡುತ್ತೇನೆ, ಕೋಳಿ, ಚಕ್ಕುಲಿ, ಬೀಡ, ಜೊತೆಗೆ ಕ್ರಮದ ಪ್ರಕಾರ ಕಳ್ಳು. ಇದನ್ನು ಕೇಳಿ ಸುಪ್ರಿತಾಳ ನಾಲಿಗೆ ಸುಮ್ಮನಿರಲಿಲ್ಲ.

“ಕುಡಿತ ಬಿಡಿಸ್ಲಿಕ್ಕೆ ಕಳ್ಳಿನ ಹರಕೆಯಾ ಅತ್ತೆ?”

ತಮಾಷೆಗೆ ಹೇಳಿದ್ದು. ಸುಂದರಿಯಮ್ಮನ ಮುಖ ಕಪ್ಪಿಟ್ಟಿತು. ಕೊರಗಜ್ಜನ ವಿಷಯದಲ್ಲಿ ಹಾಗೆ ಆಡಿದ ಬಾಯಿಯ ಹತ್ತಿರ ತನಗೆ ಮಾತಿಲ್ಲ ಎಂದರು, ಹಾಗೇ ಮಾಡಿದರು. ಆಮೇಲೆ ಆ ಮನೆಯ ಅಂಚೆ ಕೆಲಸ ಪ್ರೀತಿಕಾಳ ತಲೆಗೆ ಬಂತು. ಪ್ರೀತೂ, ನಿನ್ನ ಅಮ್ಮನ ಹತ್ತಿರ ಕೇಳು, ತೆಂಗಿನಕಾಯಿ ಒಡೆಯುದಾ ಅಂತ. ಪ್ರೀತೂ, ಅಜ್ಜಿಗೆ ಹೇಳು, ಒಡೆದಾಗಿದೆ ಅಂತ. ಇಬ್ಬರೂ ಒಂದೇ ಒಲೆಯ ಆಚೆ ಈಚೆ ನಿಂತುಕೊಂಡು! ಸುಪ್ರಿತಾಳಿಗೆ ಒಮ್ಮೊಮ್ಮೆ ನಗು ಬರುತ್ತಿತ್ತು, ಆದರೆ ಮೊದಲು ಬಾಯಿಬಿಟ್ಟವರು ಸೋತ ಹಾಗೆ ಎಂಬ ಹಟವೂ ಇತ್ತು. ಅರಿಷ್ಟದ ವಿಷಯವನ್ನು ಮಗುವಿನ ಬಾಯಲ್ಲಿ ಹೇಳಿ ಕಳಿಸಿದರೆ ಅದು ಇನ್ನೇನೋ ಆದೀತು. ಹೇಗೂ ಮಾತು ಶುರುವಾಗದೆ ಇರುತ್ತದಾ, ಆಗ ಹೇಳುವ ಅಂತ ಬಿಟ್ಟಳು.

ಇಷ್ಟೆಲ್ಲದರ ನಡುವೆ ಮಾತ್ರೆ ಕೆಲಸ ಮಾಡಿತು ಅನ್ನಿ, ಲತೀಶನೇ ಮಾಡಿದ ಅನ್ನಿ. ಕೆಲಸದಲ್ಲಿ ಕೈ ಸ್ಥಿರವಾಗಿ ನಿಂತಿತು. ಆಲಂಕಾರಿನ ಒಂದು ಮನೆಗೆ ಗೇಟು ಮಾಡಿದಾಗ ಬೆಸುಗೆಯ ಗೆರೆ ನೆಟ್ಟಗೆ ಬಂದಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದು ತಂದು ತೋರಿಸಿದ. ಸುಪ್ರಿತಾ ಅದನ್ನು ದೊಡ್ಡದು ಮಾಡಿ ನೋಡಿದಳು. ಅವಳಿಗೆ ಖುಷಿಯಾಯಿತು, ತೋರಿಸಿಕೊಳ್ಳಲಿಲ್ಲ. ಹೊಸ ಚಿಕಿತ್ಸೆ ಶುರುವಾದ ದಿನವೇ ಅವಳು ಒಂದು ಮಾತು ಹೇಳಿಟ್ಟಿದ್ದಳು: ಇನ್ನೊಂದು ಸಲ ಕುಡಿದರೆ ಮಗಳನ್ನು ಕರೆದುಕೊಂಡು ಸಂಪಾಜೆಗೆ ಹೋಗುತ್ತೇನೆ, ಜಗಳ ಮಾಡುವುದಿಲ್ಲ, ಅಳುವುದಿಲ್ಲ, ವಾಪಸೂ ಬರುವುದಿಲ್ಲ. ಅದು ಬಾಯಿಮಾತಿಗೆ ಹೇಳಿದ್ದಲ್ಲ. ತವರಿನಲ್ಲಿ ಅಮ್ಮ ಒಂದು ಕೋಣೆ ಖಾಲಿ ಮಾಡಿಟ್ಟಿದ್ದರು.

ಆ ಬುಧವಾರ ಪುತ್ತೂರಿಗೆ ಹೊರಡುವ ದಿನ. ಮಾತ್ರೆ ಆಯಿತು, ಬಾಯಿ ನೋಡಿ ಆಯಿತು, ಪ್ರೀತಿಕಾ ಶಾಲೆಯ ವ್ಯಾನ್ ಹತ್ತಿದಳು. ಸುಪ್ರಿತಾ ಒಳಗೆ ಸೀರೆ ಉಡುವಾಗ ಲತೀಶ ಜಗಲಿಯಲ್ಲಿ ಕೂತಿದ್ದ. ಜೀಪು ಹಿಡಿದು ಕಡಬಕ್ಕೆ ಬಂದು ಬಸ್ಸು ಹತ್ತಿದರು. ಆಲಂಕಾರು ಬರುವ ಮೊದಲೇ ಅವನು ಕಾಲರಿನ ಗುಂಡಿ ಬಿಚ್ಚಿದ. ಸೆಕೆ ಎಂದ. ಸುಪ್ರಿತಾ ತಿರುಗಿ ನೋಡುತ್ತಾಳೆ, ಮುಖ ಕುತ್ತಿಗೆ ಎಲ್ಲ ಕೆಂಪು. ಕಣ್ಣಿನ ಬಿಳಿಯೂ ಕೆಂಪು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡಿದ.

ಬಸ್ಸಿನಲ್ಲಿದ್ದವರು ಗುರುತಿನವರು. ಹಿಂದಿನ ಸೀಟಿನ ಒಬ್ಬರು ಬೆಳಿಗ್ಗೆಯೇ ಏರಿಸಿದ್ದಾನಾ ಎಂದರು, ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿತು. ಕಂಡಕ್ಟರ್ ಬಂದು ಉಪ್ಪಿನಂಗಡಿಯಲ್ಲಿ ಇಳಿಸಿಬಿಡಿ ಅಕ್ಕ, ಬಸ್ಸು ತೊಳೆಯುವವರು ಯಾರು ಎಂದ. ಸುಪ್ರಿತಾ ಗಂಡನ ಬಾಯಿ ಒರೆಸುವ ನೆಪದಲ್ಲಿ ಮೂಗು ಹತ್ತಿರ ತಂದಳು. ವಾಂತಿಯ ಹುಳಿಯ ಜೊತೆ ಇನ್ನೊಂದು ವಾಸನೆ ಇತ್ತು. ಗೊತ್ತಿದ್ದ ವಾಸನೆಯೇ. ಇಷ್ಟು ದಿನ ದಿನಾ ಬಾಯಿ ನೋಡಿದ ತನ್ನ ಮೇಲೆಯೇ ಅವಳಿಗೆ ಹೇಸಿಗೆಯಾಯಿತು.

“ನಾನು ಕುಡೀಲಿಲ್ಲ,” ಎಂದ ಲತೀಶ. ಎದೆ ಹಿಡಿದುಕೊಂಡಿದ್ದ. “ಸುಪ್ರೀ, ನಾನು ಕುಡೀಲಿಲ್ಲ.”

ಅವಳು ಟಿಕೇಟನ್ನು ಮಡಚಿ ಬ್ಯಾಗಿಗೆ ಹಾಕಿದಳು. ಜಗಳ ಮಾಡುವುದಿಲ್ಲ ಎಂದು ಹೇಳಿದ್ದಳಲ್ಲ.

ಉಪ್ಪಿನಂಗಡಿಯಲ್ಲಿ ಇಳಿದರು. ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಅವನು ಒರಗಿ ಕೂತ. ಆಟೋ ಪಾರ್ಕಿನಿಂದ ರವೂಫ್ ಓಡಿ ಬಂದ. ಲತೀಶನ ಮುಖ ನೋಡಿದ, ಸುಪ್ರಿತಾಳ ಮುಖ ನೋಡಿದ, ಆಟೋ ತಂದು ನಿಲ್ಲಿಸಿದ. ಅವಳಿಗೆ ಅಲ್ಲಿಂದಲೇ ಹೊರಟುಬಿಡಬೇಕು ಅನ್ನಿಸಿತು. ಆದರೆ ಮಾತ್ರೆಯ ಮೇಲೆ ಕುಡಿದರೆ ಜೀವಕ್ಕೂ ಅಪಾಯ ಎಂದು ಡಾಕ್ಟ್ರಮ್ಮ ಹೇಳಿದ್ದು ಕಿವಿಯಲ್ಲಿತ್ತು. ಇವನನ್ನು ಅಲ್ಲಿ ಒಪ್ಪಿಸಿ, ಪುತ್ತೂರಿನಿಂದಲೇ ಸುಳ್ಯದ ಬಸ್ಸು ಹಿಡಿದು ಸಂಪಾಜೆಗೆ ಹೋಗುವುದು, ಮಗಳನ್ನು ನಾಳೆ ತಮ್ಮನನ್ನು ಕಳಿಸಿ ಕರೆಸಿಕೊಳ್ಳುವುದು ಎಂದು ಲೆಕ್ಕ ಹಾಕಿದಳು. ಆಟೋದಲ್ಲಿ ಕೂತು, ಗಂಡ ಪಕ್ಕದಲ್ಲೇ ನರಳುತ್ತಿರುವಾಗ, ಸಂಪಾಜೆಗೆ ಫೋನ್ ಮಾಡಿದಳು. ಸಂಜೆಗೆ ಬರ್ತೇನೆ ಅಮ್ಮ ಎಂದಳು. ಯಾಕೆ ಎಂದು ಅಮ್ಮ ಕೇಳಲಿಲ್ಲ.

ದಾರಿಯಲ್ಲಿ ರವೂಫನ ಫೋನೂ ಬಡಿದುಕೊಂಡಿತು. ಬಸ್ಸಿನಲ್ಲಿದ್ದ ಯಾರೋ ಅಷ್ಟರಲ್ಲೇ ಕೋಡಿಂಬಾಳಕ್ಕೆ ಸುದ್ದಿ ಮುಟ್ಟಿಸಿದ್ದರು. ಆಚೆಯಿಂದ ಸುಂದರಿಯಮ್ಮ. ಪುತ್ತೂರಿಗೆ ಕರಕೊಂಡು ಹೋಗ್ತಾ ಇದ್ದೇನಮ್ಮ ಎಂದ ಅವನು. ಕುಡಿದಿದ್ದಾನಾ ಎಂದು ಅವರು ಕೇಳಿದ್ದು ಸುಪ್ರಿತಾಳಿಗೂ ಕೇಳಿಸಿತು. ರವೂಫ್ ಏನೂ ಹೇಳದೆ ಫೋನ್ ಇಟ್ಟ. ಅದಕ್ಕಿಂತ ಚೆನ್ನಾಗಿ ಹೌದು ಅನ್ನಲಿಕ್ಕೆ ಬರುವುದಿಲ್ಲ.

ಪುತ್ತೂರಿನ ದರ್ಬೆಯ ಹತ್ತಿರ ಕ್ಲಿನಿಕ್. ಒಳಗಿನ ಮಂಚದಲ್ಲಿ ಮಲಗಿಸಿ ಬಿ.ಪಿ. ನೋಡಿದರು, ಇಳಿದಿತ್ತು. ಎದೆಗೆ ವಯರು ಅಂಟಿಸಿ ಇಸಿಜಿ ತೆಗೆದರು, ಡ್ರಿಪ್ಸ್ ಹಾಕಿದರು. ಡಾಕ್ಟ್ರಮ್ಮ ಎಷ್ಟು ಕುಡಿದಿರಿ ಎಂದು ಕೇಳಿದರು. ಕುಡೀಲಿಲ್ಲ ಎಂದ. ಇನ್ನೊಮ್ಮೆ ಕೇಳಿದರು. ಕುಡೀಲಿಲ್ಲ. ಅವರು ಬಾಗಿಲ ಹತ್ತಿರ ನಿಂತಿದ್ದ ಸುಪ್ರಿತಾಳ ಕಡೆ ನೋಡಿದರು. ಸುಪ್ರಿತಾ ಬ್ಯಾಗನ್ನು ಹೆಗಲಿಗೆ ಏರಿಸಿಕೊಂಡು, ವಾಸನೆ ಬಂದಿದೆ ಡಾಕ್ಟ್ರೆ, ನಾನು ನೋಡಿದ್ದೇನೆ, ಇನ್ನು ನನಗೆ ಇಲ್ಲಿ ಕೆಲಸ ಇಲ್ಲ ಎಂದಳು.

ನಶೀದಾ ಅವಳನ್ನು ತಡೆಯಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ಲತೀಶನ ಪಕ್ಕ ಕೂತಳು. ಕುಡಿದದ್ದು ಬಿಡಿ ಅಣ್ಣ, ಬೆಳಿಗ್ಗೆ ಎದ್ದಲ್ಲಿಂದ ಬಾಯಿಗೆ ಎಂತೆಂತ ಹೋಗಿದೆ, ಅದನ್ನು ಮಾತ್ರ ಹೇಳಿ ಎಂದಳು. ಅವನು ಕಣ್ಣು ಮುಚ್ಚಿಕೊಂಡೇ ಹೇಳಿದ. ಚಾ. ನೀರುದೋಸೆ. ಮಾತ್ರೆ, ನೀರು.

“ಮತ್ತೆ ಹೊರಡುವಾಗ ಅಮ್ಮ ಅರಿಷ್ಟ ಕೊಟ್ಟರು. ಮೈಯಲ್ಲಿ ಶಕ್ತಿ ಇಲ್ಲ ನಿಂಗೆ, ಕುಡಿ ಅಂತ.”

ಎಷ್ಟು ಎಂದು ನಶೀದಾ ಕೇಳಿದಳು. ಚಾದ ಲೋಟದಲ್ಲಿ ಅರ್ಧಕ್ಕಿಂತ ಜಾಸ್ತಿ, ನೀರು ಬೆರೆಸದೆ. ಸುಂದರಿಯಮ್ಮನ ಪ್ರೀತಿಯ ಅಳತೆ ಯಾವಾಗಲೂ ಹಾಗೆಯೇ.

ಸುಪ್ರಿತಾ ಬಾಗಿಲಿನಲ್ಲೇ ನಿಂತಳು. ಬಸ್ಸಿನಲ್ಲಿ ಬಂದ ವಾಸನೆ ಯಾವುದೆಂದು ಈಗ ಹೊಳೆಯಿತು. ದಶಮೂಲಾರಿಷ್ಟ. ಪ್ರೀತಿಕಾಳನ್ನು ಹೆತ್ತ ಬಾಣಂತನದಲ್ಲಿ ಇದೇ ಅತ್ತೆ ಇದೇ ಅರಿಷ್ಟವನ್ನು ಬೆಳಿಗ್ಗೆ ಸಂಜೆ ಅವಳಿಗೆ ಕುಡಿಸಿದ್ದರು. ನಶೀದಾ ಅವಳನ್ನು ನೋಡಿ, ಮನೆಯಲ್ಲಿ ಎಲ್ಲರಿಗೂ ಹೇಳಿದ್ದಿರಲ್ಲ ಎಂದು ಕೇಳಿದಳು. ತಪ್ಪು ಹುಡುಕುವ ಧ್ವನಿಯಲ್ಲ, ಸುಮ್ಮನೆ ಗೊತ್ತಿರಲಿ ಎಂಬಂತೆ. ಸುಪ್ರಿತಾ ಬ್ಯಾಗನ್ನು ಕೆಳಗಿಟ್ಟಳು.

ಅರಿಷ್ಟದಲ್ಲಿ ಮದ್ಯ ತಾನಾಗಿಯೇ ಹುಟ್ಟಿಕೊಂಡಿರುತ್ತದೆ ಎಂದು ಡಾಕ್ಟ್ರಮ್ಮ ಲತೀಶನಿಗೆ ವಿವರಿಸಿದರು. ಇದು ಅಷ್ಟಕ್ಕೇ ನಿಂತಿತು, ಸಂಜೆಯೊಳಗೆ ಇಳಿಯುತ್ತದೆ, ಮಧ್ಯಾಹ್ನದವರೆಗೆ ಇಲ್ಲೇ ಇರಲಿ ಎಂದರು. ಕೆಲವು ದಿನ ಮಾತ್ರೆ ನಿಲ್ಲಿಸಿ, ಮತ್ತೆ ಬೇಕಾದರೆ ಆಸೆ ಕಡಿಮೆ ಮಾಡುವ ಇನ್ನೊಂದನ್ನು ಕೊಡುತ್ತೇನೆ, ಯೋಚನೆ ಮಾಡಿ ಎಂದು ಹೇಳಿ ಹೊರಗಿನ ರೋಗಿಗಳ ಹತ್ತಿರ ಹೋದರು. ನಶೀದಾಳೂ ಎದ್ದು ಹೋದಳು. ಸ್ಟೂಲು ಖಾಲಿ ಆಯಿತು. ಸುಪ್ರಿತಾ ಅದರ ಮೇಲೆ ಕೂತಳು.

ಸುತ್ತಿ ಬಳಸಿ ಹೇಳುವುದು ಅವಳ ಕ್ರಮವಲ್ಲ.

“ಅರಿಷ್ಟ ಆಗುದಿಲ್ಲ ಅಂತ ನಂಗೆ ಗೊತ್ತಿತ್ತು. ಅತ್ತೆಗೆ ಹೇಳ್ಬೇಕಿತ್ತು. ಮಾತಿಲ್ಲ ಅಂತ ಹೇಳ್ಲಿಲ್ಲ.”

ಅವನು ಡ್ರಿಪ್ಸ್ ಬಾಟ್ಲಿಯಿಂದ ಹನಿ ಬೀಳುವುದನ್ನು ನೋಡುತ್ತಿದ್ದ. ಬೈದಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ಸುಳ್ಳು ಹೇಳಿದಾಗೆಲ್ಲ ನಂಬಿದೆ ನೀನು,” ಎಂದ ಕೊನೆಗೆ. “ವೆಲ್ಡಿಂಗಿನ ಹೊಗೆ ಅಂದದ್ದನ್ನೂ ನಂಬಿದೆ. ಇವತ್ತೊಂದು ಸತ್ಯ ಹೇಳಿದ್ದು.”

ಆಟೋದಲ್ಲಿ ತಾನು ಒಂದು ತೀರ್ಮಾನ ಮಾಡಿದ್ದೆ ಎಂದ. ಅವಳು ಸುಳ್ಯದ ಬಸ್ಸು ಹತ್ತಿದ ಕೂಡಲೇ ಕ್ಲಿನಿಕ್ಕಿನ ಎದುರಿನ ಬಾರಿಗೆ ಹೋಗುವುದು ಎಂದು. ಹೇಗೂ ಕುಡಿದವನು ಅಂತ ಆಯಿತಲ್ಲ, ಬಸ್ಸಿನವರಿಗೆ, ರವೂಫನಿಗೆ, ಅಮ್ಮನಿಗೆ, ಇವಳಿಗೆ. ಕುಡಿಯದೆ ಇದ್ದು ಎಂತ ಸಾಧಿಸುವುದು. ಇದನ್ನು ಅವನು ಬಹಳ ಸಮಾಧಾನದಲ್ಲಿ, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ ಹೇಳಿದ.

ಸುಪ್ರಿತಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಅರ್ಧ ಲೋಟ ಅರಿಷ್ಟಕ್ಕೆ ಹೀಗಾದ ಮೈಗೆ, ಬೆಳಗಿನ ಮಾತ್ರೆಯ ಮೇಲೆ, ಒಂದು ಕ್ವಾರ್ಟರ್ ಬಿದ್ದಿದ್ದರೆ! ತಾನು ಆಗ ಸುಳ್ಯದ ಬಸ್ಸಿನಲ್ಲಿ ಜಾಲ್ಸೂರು ದಾಟಿ, ಕಿಟಕಿಗೆ ತಲೆಯಿಟ್ಟು, ಗೆದ್ದವಳ ಹಾಗೆ ಕೂತಿರುತ್ತಿದ್ದೆ. ಅಳುವುದಿಲ್ಲ ಎಂದು ಹೇಳಿದ್ದವಳು ಅಲ್ಲೇ ಕೂತು ಚೆನ್ನಾಗಿ ಅತ್ತಳು. ಅವನು ಸೂಜಿ ಚುಚ್ಚದ ಕೈಯನ್ನು ಮಂಚದ ಅಂಚಿಗೆ ತಂದು ಇಟ್ಟ, ಅವಳು ಅದನ್ನು ಹಿಡಿದುಕೊಂಡಳು.

ಮಧ್ಯಾಹ್ನ ಹೊರಗೆ ಬಂದು ಸಂಪಾಜೆಗೆ ಪುನಃ ಫೋನ್ ಮಾಡಿದಳು. ಬರುವುದಿಲ್ಲ, ಅವರು ಕುಡಿದದ್ದಲ್ಲ, ಅತ್ತೆ ಅರಿಷ್ಟ ಕೊಟ್ಟದ್ದು ಎಂದಳು. ಆಚೆಯಿಂದ ಅಮ್ಮ ಒಂದು ಉಸಿರು ಬಿಟ್ಟರು. ಅರಿಷ್ಟವಂತೆ! ಇದು ಹೊಸ ಕಥೆ, ನಿನಗೆ ಬುದ್ಧಿ ಬರುವುದಿಲ್ಲ ಬಿಡು ಎಂದು ಇಟ್ಟುಬಿಟ್ಟರು. ಅಲ್ಲೇ ಆಟೋದ ಹತ್ತಿರ ಕಾದಿದ್ದ ರವೂಫನಿಗೆ ಹೇಳಿದರೆ ಅವನೂ ಹೌದಾ ಎಂದ, ಆದರೆ ಆ ಹೌದಾ ನಂಬಿದವನ ಹೌದಾ ಅಲ್ಲ. ಡಾಕ್ಟ್ರಮ್ಮನ ಹತ್ತಿರ ಕೇಳಿ ಬಾ ಬೇಕಾದರೆ ಎಂದು ಅವಳು ರೇಗಿದಳು. ಬೇಡ ಅಕ್ಕ, ನೀವು ಹೇಳಿದರೆ ಸಾಕು ಎಂದ. ಸುಪ್ರಿತಾಳಿಗೆ ಆಗ ಗೊತ್ತಾಯಿತು, ಗಂಡ ಹೇಳಿದ ಸುಳ್ಳುಗಳೆಲ್ಲ ಕೇಳಲು ಚಂದ ಇದ್ದವು, ಈ ಸತ್ಯಕ್ಕೆ ಮುಖವೇ ಇಲ್ಲ. ಇನ್ನು ಕಡಬ ಪೇಟೆಯಲ್ಲಿ ಇದನ್ನು ಹೇಳಿಕೊಂಡು ತಿರುಗಬೇಕಾದವಳು ಅವಳೇ.

ಮನೆ ಮುಟ್ಟುವಾಗ ಪ್ರೀತಿಕಾ ಶಾಲೆಯಿಂದ ಬಂದು ಅಂಗಳದಲ್ಲಿದ್ದಳು. ಸುಂದರಿಯಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದರು. ಅತ್ತಿದ್ದಾರೆ ಎಂದು ಕಣ್ಣು ನೋಡಿದರೆ ತಿಳಿಯುತ್ತಿತ್ತು. ಮಗ ಮೆಟ್ಟಿಲು ಹತ್ತಿದಾಗ ಮುಖ ತಿರುಗಿಸಿದರು. ಅವನು ಮಾತಾಡುವ ಶಕ್ತಿ ಇಲ್ಲದೆ ಒಳಗೆ ಹೋಗಿ ಮಲಗಿದ. ಅವರು ಮೊಮ್ಮಗಳನ್ನು ಕರೆದರು, ಕಿವಿಯಲ್ಲಿ ಹೇಳಿದರು. ಮಗು ಓಡಿ ಬಂದು ಅಂಚೆ ಒಪ್ಪಿಸಿತು: ಅಮ್ಮ, ಅಜ್ಜಿ ಕೇಳ್ತಾರೆ, ಅಪ್ಪ ಎಲ್ಲಿ ಕುಡಿದದ್ದಂತೆ?

ಸುಪ್ರಿತಾ ಮಗಳ ತಲೆ ನೇವರಿಸಿ ಆಟಕ್ಕೆ ಕಳಿಸಿದಳು. ಚಪ್ಪಲಿ ಬಿಟ್ಟು, ಜಗಲಿಗೆ ಹೋಗಿ, ಅತ್ತೆಯ ಎದುರು ನೆಲದ ಮೇಲೆ ಕೂತಳು.

“ಅತ್ತೆ,” ಎಂದಳು. “ಅವರು ಕುಡೀಲಿಲ್ಲ. ತಪ್ಪು ನನ್ನದು.”

ಎಷ್ಟೋ ಸಮಯದ ಮೇಲೆ ಬಂದ ಆ ‘ಅತ್ತೆ’ಗೆ ಸುಂದರಿಯಮ್ಮ ಕತ್ತು ತಿರುಗಿಸಿದರು. ಸುಪ್ರಿತಾ ಎಲ್ಲವನ್ನೂ ಹೇಳಿದಳು, ನಶೀದಾ ಹೇಳಿದ್ದನ್ನು, ತಾನು ಹೇಳದೆ ಬಿಟ್ಟದ್ದನ್ನು, ಬಸ್ಸನ್ನು, ಸಂಪಾಜೆಗೆ ಮಾಡಿದ ಫೋನನ್ನು. ಅರಿಷ್ಟದ ವಿಷಯ ಬಂದಾಗ ಮಾತ್ರ ಮೆಲ್ಲ ಹೇಳಿದಳು. ಆದರೂ ಮುದುಕಿಗೆ ಅದು ಬಡಿಯಿತು. ನಾನೇ ಕೊಟ್ಟದ್ದಾ, ನನ್ನ ಕೈಯಿಂದಲೇ ಆದದ್ದಾ ಎಂದು ತಮ್ಮ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡರು. ನಿಮಗೆ ಗೊತ್ತಿರಲಿಲ್ಲ, ಗೊತ್ತಿದ್ದವಳು ನಾನು ಎಂದಳು ಸುಪ್ರಿತಾ. ಇದನ್ನು ಎರಡು ಮೂರು ಸಲ ಹೇಳಬೇಕಾಯಿತು.

ಆಮೇಲೆ ಸುಂದರಿಯಮ್ಮ ಎದ್ದು ತಮ್ಮ ಕಪಾಟಿನಿಂದ ಬಾಟ್ಲಿ ತಂದರು. ಓದು ಎಂದರು. ಮದ್ಯದ ಅಂಶ ಉಂಟೆಂದು ಸಣ್ಣ ಅಕ್ಷರದಲ್ಲಿ ಇತ್ತು, ಸುಪ್ರಿತಾ ಓದಿ ಹೇಳಿದಳು. ಮುದುಕಿ ಬಾಟ್ಲಿಯನ್ನು ದೂರ ಹಿಡಿದು ನೋಡಿದರು. ಮೊಣಕಾಲು ನೋವಿಗೆಂದು ವರ್ಷಗಟ್ಟಲೆ ಅವರು ಅದನ್ನು ತಪ್ಪದೆ ಕುಡಿಯುತ್ತ ಬಂದವರು.

“ಹಾಗಾದ್ರೆ ಈ ಮನೆಯಲ್ಲಿ ಕುಡಿಯದವರು ಯಾರು?”

ಸುಪ್ರಿತಾಳಿಗೆ ತಡೆಯಲಾಗಲಿಲ್ಲ, ನಗು ಬಂದುಬಿಟ್ಟಿತು. ಸುಂದರಿಯಮ್ಮ ಸಿಟ್ಟಿನಿಂದ ನೋಡಿದರು, ಮತ್ತೆ ಅವರೂ ಸ್ವಲ್ಪ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಬಾಟ್ಲಿಯನ್ನು ಬಚ್ಚಲಿಗೆ ಸುರಿಯುವಾಗ, ಹರಕೆಯನ್ನು ಮಾತ್ರ ಬಿಡುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದರು. ಬಿಡುವುದು ಬೇಡ ಅತ್ತೆ, ಆಗ ಇವರನ್ನು ದೂರ ನಿಲ್ಲಿಸುವ ಎಂದಳು ಸುಪ್ರಿತಾ.

ಡಾಕ್ಟ್ರಮ್ಮ ಹೇಳಿದ ಬಿಡುವು ಮುಗಿದ ಮೇಲೆ ಲತೀಶ ಹಳೆಯ ಮಾತ್ರೆಯೇ ಇರಲಿ ಎಂದ. ಆ ಬೆಳಿಗ್ಗೆ ಚಾ ಆಯಿತು. ಸುಂದರಿಯಮ್ಮ ಒಲೆಯ ಹತ್ತಿರ ದೋಸೆ ಎರೆಯುತ್ತಿದ್ದರು. ಸುಪ್ರಿತಾ ಮಾತ್ರೆಯನ್ನು ಅವನ ಅಂಗೈಗೆ ಹಾಕಿದಳು. ಅವನು ನುಂಗಿ ಬಾಯಿ ತೆರೆದ. ಅವಳು ನೋಡಲಿಲ್ಲ. ಲೋಟ ತೆಗೆದುಕೊಂಡು ತಿರುಗಿ, ಇನ್ನು ಅದೆಲ್ಲ ಬೇಡ, ನಂಬ್ತೇನೆ ಎಂದಳು. ಅಷ್ಟು ದೊಡ್ಡ ಮಾತನ್ನು ಅವಳು ಎಷ್ಟೋ ದಿನದಿಂದ ಹೇಳಿರಲಿಲ್ಲ.

ಲೋಟ ತೊಳೆದು ತಿರುಗಿ ನೋಡಿದರೆ ಅವನು ಇನ್ನೂ ಹಾಗೇ ಬಾಯಿ ತೆರೆದು ನಿಂತಿದ್ದಾನೆ. ಹೇಳಲಿಕ್ಕೆ ಬೇಕಾದಷ್ಟು ಹೊತ್ತು ಮಾತ್ರ ಬಾಯಿ ಮುಚ್ಚಿದ.

“ನಂಬುದು ಬೇಡ ಮಾರಾಯ್ತಿ. ನೋಡು.”

ಪುನಃ ತೆರೆದ. ಸುಪ್ರಿತಾ ಕೈ ಒರೆಸಿಕೊಂಡು ಬಂದಳು. ಅವನ ಗಲ್ಲ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ, ನಾಲಿಗೆ ಎತ್ತಿಸಿ, ಅಡಿಯನ್ನೂ ನೋಡಿದಳು.

“ಆಯ್ತು,” ಎಂದಳು.